ಒಂದು ನಂಬರು, ನಾಲ್ಕು ಕಾರು

1968ರಲ್ಲಿ ಇಂಗ್ಲೆಂಡಿನ ನ್ಯೂಪೋರ್ಟ್ ಪ್ಯಾಗ್ನೆಲ್ ಎಂಬ ಸಣ್ಣ ಊರಿನಲ್ಲಿದ್ದ ಆಸ್ಟನ್ ಮಾರ್ಟಿನ್ ಕಾರ್ಖಾನೆ ತನ್ನ ಅಂಗಳದಲ್ಲಿ ಜಾಗ ತಿನ್ನುತ್ತಿದ್ದ ಒಂದು ಹಳೆಯ ಕಾರನ್ನು ಮಾರಲು ಹೊರಟಿತು. ಅದು ಗಿರಾಕಿಗೆಂದು ಕಟ್ಟಿದ ಕಾರೇ ಅಲ್ಲ. ಹೊಸ ಮಾದರಿಯನ್ನು ಪರೀಕ್ಷಿಸಲು ಕಟ್ಟಿಕೊಂಡ ಬಂಡಿ. ಆಮೇಲೆ ಸಿನಿಮಾದವರು ಎರವಲು ಒಯ್ದು, ಮೈತುಂಬ ತೂತು ಕೊರೆದು, ಏನೇನೋ ಯಂತ್ರ ತುರುಕಿ ಹಿಂದಿರುಗಿಸಿದ್ದರು. ಇಂಥ ಕಾರನ್ನು ಯಾರು ಕೊಳ್ಳುತ್ತಾರೆ? ಕಾರ್ಖಾನೆಯವರು ಯೋಚಿಸಿದ್ದು ಸರಳವಾಗಿತ್ತು. ಬಂದೂಕುಗಳನ್ನು ಕಿತ್ತರು, ಹಾರುವ ಸೀಟಿನ ಸಾಮಾನು ತೆಗೆದರು, ಹಿಂದಿನ ಉಕ್ಕಿನ ತಡೆಗೋಡೆಯನ್ನು ಬಿಚ್ಚಿದರು, ಸುತ್ತುವ ನಂಬರ್ ಪ್ಲೇಟನ್ನೂ ಕಳಚಿದರು. 6633 ಪಿಪಿ ಎಂಬ ಹೊಸ ನಂಬರು ಅಂಟಿಸಿ, ಕೆಂಟ್ ಪ್ರಾಂತ್ಯದ ಒಬ್ಬ ಗಿರಾಕಿಗೆ ಸೆಕೆಂಡ್ ಹ್ಯಾಂಡ್ ಕಾರಾಗಿ ಕೊಟ್ಟು ಕೈತೊಳೆದುಕೊಂಡರು. ಉತ್ಸವಮೂರ್ತಿಯ ಒಡವೆಯನ್ನೆಲ್ಲ ಕಳಚಿ ಗುಜರಿಗೆ ಹಾಕಿ, ಮೂರ್ತಿಯನ್ನು ಲೋಹದ ಬೆಲೆಗೆ ತೂಗಿ ಕೊಟ್ಟ ಹಾಗೆ.

ಆ ಕಾರು 'ಗೋಲ್ಡ್‌ಫಿಂಗರ್' ಚಿತ್ರದ ಜೇಮ್ಸ್ ಬಾಂಡ್ ಕಾರು. ಅದರ ಮೇಲಿದ್ದ ಹಳೆಯ ನಂಬರು ಬಿಎಂಟಿ 216ಎ. ಆ ಕಾಲದಲ್ಲಿ ಆ ನಂಬರು ಹೊತ್ತು ಮೆರೆದ ಕಾರುಗಳು ಒಟ್ಟು ನಾಲ್ಕು. ಅವುಗಳ ಒಡೆತನ ಕೈಯಿಂದ ಕೈಗೆ ಹೋದ ಬಗೆಯನ್ನು ಹಿಂಬಾಲಿಸಿದರೆ ವಿಚಿತ್ರವೊಂದು ಕಾಣುತ್ತದೆ: ಪರದೆಯ ಮೇಲೆ ಹೆಚ್ಚು ಕೆಲಸ ಮಾಡಿದ ಕಾರಿಗೆ ಸಿಕ್ಕಿದ್ದು ಕಡಿಮೆ, ಏನೂ ಮಾಡದ ಕಾರಿಗೆ ಸಿಕ್ಕಿದ್ದು ಎಲ್ಲಕ್ಕಿಂತ ಹೆಚ್ಚು.

ಮೊದಲು ಕಾರಿನ ಕುಲಗೋತ್ರ. ಟ್ರ್ಯಾಕ್ಟರು ಮತ್ತು ಗಿಯರು ತಯಾರಿಸುತ್ತಿದ್ದ ಯಾರ್ಕ್‌ಷೈರಿನ ಉದ್ಯಮಿ ಡೇವಿಡ್ ಬ್ರೌನ್, ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ 'ದಿ ಟೈಮ್ಸ್' ಪತ್ರಿಕೆಯಲ್ಲಿ ಕಾರು ಕಂಪನಿಯೊಂದು ಮಾರಾಟಕ್ಕಿದೆ ಎಂಬ ಜಾಹೀರಾತು ನೋಡಿದ. 1947ರಲ್ಲಿ 20,500 ಪೌಂಡು ಕೊಟ್ಟು ಆಸ್ಟನ್ ಮಾರ್ಟಿನ್ ಕಂಪನಿಯನ್ನು ಕೊಂಡುಕೊಂಡ. ಅವನ ಹೆಸರಿನ ಎರಡು ಮೊದಲಕ್ಷರಗಳೇ ಮುಂದೆ ಡಿಬಿ ಸರಣಿಯ ಕಾರುಗಳಿಗೆ ಹೆಸರಾದವು. 1958ರ ಡಿಬಿ4ನಲ್ಲಿ ಕಂಪನಿಗೆ ಅದರ ನಿಜವಾದ ಮೈಕಟ್ಟು ದೊರಕಿತು. ಮಿಲಾನಿನ ಟೂರಿಂಗ್ ಸಂಸ್ಥೆಯ 'ಸೂಪರ್‌ಲೆಗೇರಾ' ಪದ್ಧತಿಯಲ್ಲಿ, ತೆಳುವಾದ ಉಕ್ಕಿನ ಕೊಳವೆಗಳ ಗೂಡಿನ ಮೇಲೆ ಕೈಯಲ್ಲಿ ಬಡಿದ ಅಲ್ಯೂಮಿನಿಯಂ ತಗಡು ಹೊದಿಸಿದ ಮೈ ಅದು. ಎಂಜಿನ್ನು ಪೋಲೆಂಡಿನಿಂದ ಬಂದು ನೆಲೆಸಿದ್ದ ಇಂಜಿನಿಯರ್ ಟಡೆಕ್ ಮಾರೆಕ್‌ನದು. 1963ರಲ್ಲಿ ಬಂದ ಡಿಬಿ5ರಲ್ಲಿ ಅದೇ ಎಂಜಿನ್ನು 3,995 ಸಿಸಿಗೆ ಬೆಳೆದು, 282 ಅಶ್ವಶಕ್ತಿ ಕೊಡುತ್ತಿತ್ತು.

ಡಿಬಿ5 ಒಂದು ಗ್ರ್ಯಾಂಡ್ ಟೂರರ್. ಎಂದರೆ ರೇಸಿನ ಕಾರಲ್ಲ, ಮೆರವಣಿಗೆಯ ಕಾರೂ ಅಲ್ಲ. ಬೆಳಿಗ್ಗೆ ಲಂಡನ್ನಿನಲ್ಲಿ ಪೆಟ್ಟಿಗೆ ತುಂಬಿಕೊಂಡು ಹೊರಟವರು ಫ್ರಾನ್ಸನ್ನು ಉದ್ದಕ್ಕೂ ದಾಟಿ, ಬೆನ್ನು ನೋಯದೆ, ಅಂಗಿಯ ಇಸ್ತ್ರಿ ಕೆಡದೆ ದಕ್ಷಿಣದ ಕಡಲತೀರ ಸೇರಬೇಕು. ಅದಕ್ಕಾಗಿ ಹುಟ್ಟಿದ ಜಾತಿ. ಡಿಬಿ5ರ ಬೆಲೆ ನಾಲ್ಕು ಸಾವಿರ ಪೌಂಡಿಗೂ ಮೇಲಿತ್ತು. ಆ ಹಣಕ್ಕೆ ಜಾಗ್ವಾರ್ ಇ-ಟೈಪ್ ಕಾರು ಹತ್ತಿರ ಹತ್ತಿರ ಎರಡು ಬರುತ್ತಿದ್ದವು. ಮೂರು ವರ್ಷದೊಳಗೆ ತಯಾರಾದ ಎಲ್ಲ ಬಗೆಯ ಡಿಬಿ5ಗಳನ್ನು ಸೇರಿಸಿದರೂ ಸಂಖ್ಯೆ ಸಾವಿರಕ್ಕಿಂತ ತುಸುವೇ ಹೆಚ್ಚು.

ನಮ್ಮ ಕಥಾನಾಯಕನ ಚಾಸಿ ಸಂಖ್ಯೆ ಡಿಪಿ/216/1. ಡಿಬಿ4 ಆಗಿ ಹುಟ್ಟಿ, ಡಿಬಿ5 ಹೇಗಿರಬೇಕೆಂದು ತೀರ್ಮಾನಿಸುವ ಪ್ರಯೋಗದಲ್ಲಿ ಬದಲಾಗುತ್ತ ಹೋದ ಕಾರು. ಆಗ ಅದರ ಬಣ್ಣ ದ್ರಾಕ್ಷಾರಸದ ಕೆಂಪು. ಬೆಳ್ಳಿಯ ಬಣ್ಣ ಬಳಿದದ್ದು ಸಿನಿಮಾಕ್ಕೆ.

ಇಯಾನ್ ಫ್ಲೆಮಿಂಗ್ ಬರೆದ 'ಗೋಲ್ಡ್‌ಫಿಂಗರ್' ಕಾದಂಬರಿ 1959ರಲ್ಲಿ ಬಂದಾಗ ಡಿಬಿ5 ಇರಲೇ ಇಲ್ಲ. ಅಲ್ಲಿ ಬಾಂಡ್ ಓಡಿಸುವುದು ಅದಕ್ಕೂ ಹಿಂದಿನ ಡಿಬಿ ಕಾರನ್ನು. ಅದರಲ್ಲೂ ಕಚೇರಿಯವರು ಒಂದಿಷ್ಟು ಉಪಕರಣ ಕೂರಿಸಿದ್ದಾರೆ: ದೀಪದ ಬಣ್ಣ ಬದಲಿಸುವ ಗುಂಡಿ, ಬಲಪಡಿಸಿದ ಬಂಪರ್, ಗುಪ್ತ ಅರೆಯಲ್ಲೊಂದು ಪಿಸ್ತೂಲು, ಬೆನ್ನಟ್ಟಿದವರ ಜಾಡು ಹಿಡಿಯುವ ರೇಡಿಯೊ. ಪತ್ತೇದಾರಿಕೆಗೆ ಬೇಕಾದಷ್ಟು, ಅಷ್ಟೇ. ಅದನ್ನು ಜಾತ್ರೆಯ ಗೊಂಬೆಯಾಗಿಸಿದ್ದು ಸಿನಿಮಾದವರು, ಮುಖ್ಯವಾಗಿ ಇಬ್ಬರು.

ಒಬ್ಬ ಕೆನ್ ಆ್ಯಡಮ್. ಬರ್ಲಿನ್ನಿನ ಯಹೂದಿ ಮನೆತನದಲ್ಲಿ ಹುಟ್ಟಿ, ನಾಜಿಗಳು ಬಂದಾಗ ಹುಡುಗನಾಗಿದ್ದಾಗಲೇ ಇಂಗ್ಲೆಂಡಿಗೆ ಓಡಿಬಂದು, ಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಟೈಫೂನ್ ವಿಮಾನ ಹಾರಿಸಿದವನು. ಬಾಂಡ್ ಚಿತ್ರಗಳ ಬೃಹತ್ ಸೆಟ್ಟುಗಳಲ್ಲಿ ಹಲವು ಅವನ ಕಲ್ಪನೆ. ಇನ್ನೊಬ್ಬ ಟ್ರಿಕ್ ದೃಶ್ಯಗಳ ಜಾನ್ ಸ್ಟಿಯರ್ಸ್. ಮುಂದೆ 'ಥಂಡರ್‌ಬಾಲ್' ಮತ್ತು 'ಸ್ಟಾರ್ ವಾರ್ಸ್' ಎರಡಕ್ಕೂ ಆಸ್ಕರ್ ಗೆದ್ದವನು. ಇವರು ಕಾರು ಕೇಳಿಕೊಂಡು ನ್ಯೂಪೋರ್ಟ್ ಪ್ಯಾಗ್ನೆಲ್‌ಗೆ ಹೋದಾಗ ಕಂಪನಿ ಹಿಗ್ಗಿ ಹೀರೇಕಾಯಿಯೇನೂ ಆಗಲಿಲ್ಲ. ಬೇಕಾದರೆ ಕೊಂಡುಕೊಳ್ಳಿ ಎಂಬ ಧೋರಣೆ. ಮಾತುಕತೆ ನಡೆದು ನಡೆದು, ಕೊನೆಗೆ ಮಾರಲಾಗದ ಆ ಪರೀಕ್ಷಾ ಕಾರನ್ನು ಎರವಲು ಕೊಡಲು ಒಪ್ಪಿದರು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದೆಂದು ಸಿನಿಮಾದವರೂ ಸುಮ್ಮನೆ ಒಯ್ದರು.

ಪೈನ್‌ವುಡ್ ಸ್ಟುಡಿಯೊದಲ್ಲಿ ಕೆಲವು ವಾರ ಕಾರಿನ ಮೇಲೆ ಕೆಲಸ ನಡೆಯಿತು. ಮುಂದಿನ ಪುಟ್ಟ ದೀಪಗಳ ಹಿಂದೆ ಮಷಿನ್ ಗನ್ನುಗಳ ನಳಿಗೆ. ಅವು ಗುಂಡು ಹಾರಿಸುತ್ತಿರಲಿಲ್ಲ, ಅನಿಲ ಉರಿಸಿ ಬೆಂಕಿಯ ನಾಲಗೆ ಚಾಚುತ್ತಿದ್ದವು. ಹಿಂದಿನ ಗಾಜಿನ ಹಿಂದೆ ಮೇಲೇಳುವ ಉಕ್ಕಿನ ತಡೆ. ಹೊಗೆ, ಎಣ್ಣೆ. ಎದುರಾಳಿಯ ಟೈರು ಸೀಳುವ ಚಕ್ರದ ಕತ್ತಿ, ಇದು 'ಬೆನ್ ಹರ್' ಚಿತ್ರದ ರಥದಿಂದ ಎತ್ತಿಕೊಂಡದ್ದು. ಸುತ್ತುವ ನಂಬರ್ ಪ್ಲೇಟಿನ ಯೋಚನೆ ನಿರ್ದೇಶಕ ಗೈ ಹ್ಯಾಮಿಲ್ಟನ್‌ನದು. ಪಾರ್ಕಿಂಗ್ ದಂಡದ ಚೀಟಿಗಳಿಂದ ರೋಸಿಹೋಗಿ ಅವನಿಗೆ ಅದು ಹೊಳೆಯಿತಂತೆ. ಮೂರು ಮುಖದ ಆ ಪ್ಲೇಟಿನಲ್ಲಿ ಬ್ರಿಟನ್ನಿನ ಬಿಎಂಟಿ 216ಎ ಅಲ್ಲದೆ ಫ್ರಾನ್ಸಿನದೊಂದು, ಸ್ವಿಟ್ಜರ್‌ಲೆಂಡಿನದೊಂದು ನಂಬರು ಇದ್ದವು.

ಇವೆಲ್ಲ ಎಷ್ಟು ನಿಜ ಎಂಬ ಪ್ರಶ್ನೆ ಮುಂದಿನ ಕಥೆಗೆ ಮುಖ್ಯವಾದದ್ದರಿಂದ ಇಲ್ಲೇ ಹೇಳಿಬಿಡಬೇಕು. ಹಾರುವ ಸೀಟು ಹಾರಿದ್ದು ನಿಜ, ಆದರೆ ಮನುಷ್ಯನನ್ನು ಹೊತ್ತಲ್ಲ, ಗೊಂಬೆಯನ್ನು ಹೊತ್ತು. ಒತ್ತಿದ ಗಾಳಿಯಿಂದ ಚಿಮ್ಮುವ ಆ ಸೀಟನ್ನು ಆ ಒಂದು ದೃಶ್ಯಕ್ಕೆ ಮಾತ್ರ ಕೂರಿಸಿ, ಉಳಿದಂತೆ ಮಾಮೂಲು ಸೀಟೇ ಇಡುತ್ತಿದ್ದರು. ಚಕ್ರದ ಕತ್ತಿ ಕಾರಿನೊಳಗಿಂದ ಹೊರಚಾಚುವಂತೆ ಕಾಣುವುದು ಕ್ಯಾಮೆರಾದ ಚಮತ್ಕಾರ. ನಿಜವಾಗಿ ಅದನ್ನು ಹೊರಗಿನಿಂದ ತಿರುಪು ಹಾಕಿ ಜೋಡಿಸುತ್ತಿದ್ದರು. ಹೀಗೆ 'ಮೂಲ' ಕಾರೇ ಅರ್ಧ ನಾಟಕದ ಸಾಮಾನು.

ಇಷ್ಟೆಲ್ಲ ಭಾರ ಹೊತ್ತ ಕಾರು ಬೆಟ್ಟದ ತಿರುವುಗಳಲ್ಲಿ ಚಂದವಾಗಿ ಓಡಲಾರದು. ಅದಕ್ಕೇ ಎರಡನೆಯ ಕಾರು ಬಂತು: ಚಾಸಿ ಸಂಖ್ಯೆ ಡಿಬಿ5/1486/ಆರ್, ಸ್ವಂತ ನಂಬರು ಎಫ್‌ಎಂಪಿ 7ಬಿ. ಯಾವ ಯಂತ್ರವೂ ಇಲ್ಲದ, ಕಾರ್ಖಾನೆಯಿಂದ ಬಂದಂತೆಯೇ ಇದ್ದ ಕಾರು. ಓಟದ ದೃಶ್ಯಗಳು ಅದರ ಪಾಲು; ಆ ಹೊತ್ತಿಗೆ ಅದರ ಮೇಲೂ ಬಿಎಂಟಿ 216ಎ. ಯಾವ ಫ್ರೇಮಿನಲ್ಲಿ ಯಾವ ಕಾರು ಎಂದು ಕನ್ನಡಕ ಹಾಕಿಕೊಂಡು ಪರೀಕ್ಷಿಸುವ ಅಭಿಮಾನಿಗಳ ಜಗಳ ಇವತ್ತಿಗೂ ಮುಗಿದಿಲ್ಲ. ಆ ಜಗಳದಲ್ಲಿ ಲಕ್ಷಾಂತರ ಪೌಂಡುಗಳು ಅಡಗಿರುವುದರಿಂದ ಅದನ್ನು ಹುಡುಗಾಟ ಎನ್ನುವಂತೆಯೂ ಇಲ್ಲ.

1964ರ ಸೆಪ್ಟೆಂಬರ್ 17ರಂದು ಲಂಡನ್ನಿನ ಓಡಿಯನ್ ಚಿತ್ರಮಂದಿರದಲ್ಲಿ 'ಗೋಲ್ಡ್‌ಫಿಂಗರ್' ಮೊದಲ ಪ್ರದರ್ಶನ ಕಂಡಿತು. ಬಾಂಡ್ ಪಾತ್ರದ ಶಾನ್ ಕಾನರಿಗೆ ಬಿದ್ದಷ್ಟೇ ಶಿಳ್ಳೆ ಕಾರಿಗೂ ಬಿತ್ತು. ಎರವಲು ಕೊಡಲು ಮೀನಮೇಷ ಎಣಿಸಿದ್ದ ಕಂಪನಿಗೆ ತನ್ನ ಕಾರನ್ನು ನೋಡಲು ಜನ ಮುಗಿಬೀಳುವ ಭಾಗ್ಯ. 1965ರಲ್ಲಿ ಕಾರ್ಗಿ ಸಂಸ್ಥೆ ಅಂಗೈಯಲ್ಲಿ ಹಿಡಿಸುವ ಆಟಿಕೆ ಬಾಂಡ್ ಕಾರನ್ನು ಹೊರತಂದಿತು. ಬೆಳ್ಳಿಯ ಬಣ್ಣ ಬಳಿದರೆ ಬಣ್ಣವೇ ಹಾಕಿಲ್ಲವೆಂದು ಕಂಡೀತೆಂದು ಚಿನ್ನದ ಬಣ್ಣ ಬಳಿದರು. ಆ ಕ್ರಿಸ್‌ಮಸ್ಸಿಗೆ ಲಕ್ಷಗಟ್ಟಲೆ ಮಾರಾಟವಾಗಿ, ಅಂಗಡಿಗಳಲ್ಲಿ ಸರಕು ಸಾಲದೇ ಹೋಯಿತು. ಆ ಆಟಿಕೆಯ ಸೀಟು ಮಾತ್ರ ಗುಂಡಿ ಒತ್ತಿದರೆ ನಿಜವಾಗಿಯೂ ಹಾರುತ್ತಿತ್ತು. ಮುಂದೆ ದೊಡ್ಡವರಾಗಿ ಹರಾಜಿನಲ್ಲಿ ಕೈ ಎತ್ತಿದವರಲ್ಲಿ ಬಹಳ ಜನ ಆ ಗುಂಡಿ ಒತ್ತಿ ಬೆಳೆದ ಹುಡುಗರೇ ಇರಬೇಕು ಎಂದು ನನ್ನ ಗುಮಾನಿ.

ಅದೇ ವರ್ಷದ 'ಥಂಡರ್‌ಬಾಲ್' ಪ್ರಚಾರಕ್ಕೆ ಊರೂರು ತಿರುಗಿಸಲು ಕಾರು ಸಾಲಲಿಲ್ಲ. ಆಗ ನಿರ್ಮಾಪಕರು ಇನ್ನೂ ಎರಡು ಡಿಬಿ5 ಕೊಂಡು, ಅವಕ್ಕೂ ಎಲ್ಲ ಯಂತ್ರ ಕೂರಿಸಿದರು. ಅವುಗಳ ಸಂಖ್ಯೆ 2008/ಆರ್ ಮತ್ತು 2017/ಆರ್. ಇವು ಯಾವ ಚಿತ್ರದ ಯಾವ ದೃಶ್ಯದಲ್ಲೂ ಇಲ್ಲ. ಜನ ಬಂದು ಮುಟ್ಟಿ ನೋಡಲೆಂದೇ ಮಾಡಿದವು. ದಿನವೂ ಗುಂಡಿ ಒತ್ತಿ ತೋರಿಸಬೇಕಾದ್ದರಿಂದ ಇವುಗಳ ಯಂತ್ರಗಳನ್ನು ಮೊದಲ ಕಾರಿಗಿಂತ ಗಟ್ಟಿಮುಟ್ಟಾಗಿ ಮಾಡಿದ್ದರು. ಓಟದ ಕಾರಾಗಿದ್ದ 1486ಕ್ಕೂ ಪ್ರದರ್ಶನಕ್ಕೆಂದು ಯಂತ್ರ ಬಂತು. ಅಲ್ಲಿಗೆ ನಾಲ್ಕೂ ಕಾರು ಹೊರನೋಟಕ್ಕೆ ಒಂದೇ ಆದವು.

ಈ ಕೀರ್ತಿಯಿಂದ ಕಂಪನಿ ಉದ್ಧಾರವಾಯಿತೇ? ಈ ಬಗ್ಗೆ ಬರೆದವರಲ್ಲಿ ಒಮ್ಮತವಿಲ್ಲ. ಬೇಡಿಕೆ ಜಿಗಿಯಿತೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಕೈಯಲ್ಲಿ ತಗಡು ಬಡಿದು ಕಾರು ಕಟ್ಟುವ ಕಡೆ ಬೇಡಿಕೆ ಏರಿದರೆ ಸರದಿ ಉದ್ದವಾಗುತ್ತದೆಯೇ ಹೊರತು ಲಾಭ ಏರುವುದಿಲ್ಲ. ಡೇವಿಡ್ ಬ್ರೌನ್ ತನ್ನ ಗಿಯರು-ಟ್ರ್ಯಾಕ್ಟರಿನ ಗಳಿಕೆಯಿಂದಲೇ ಈ ಚಂದದ ಕಂಪನಿಯನ್ನು ಸಾಕುತ್ತ ಬಂದು, 1972ರಲ್ಲಿ ಅದರ ಸಾಲ ತೀರಿಸಿ, ನೂರು ಪೌಂಡಿನ ಆಸುಪಾಸಿನ ನಾಮಮಾತ್ರದ ಬೆಲೆಗೆ ಬಿಟ್ಟುಕೊಟ್ಟ. ಎರಡೇ ವರ್ಷಗಳಲ್ಲಿ ಹೊಸಬರ ಕೈಯಲ್ಲಿ ಕಂಪನಿ ದಿವಾಳಿಯಾಯಿತು. ಜಗತ್ತಿನ ಅತಿ ಪ್ರಸಿದ್ಧ ಕಾರಿಗಿಂತ ಅದನ್ನು ಹೆತ್ತ ಕಂಪನಿಯೇ ಅಗ್ಗಕ್ಕೆ ಹೋದ ಕಾಲ ಅದು.

ಅದಕ್ಕೂ ಮೊದಲೇ ನಾಲ್ಕು ಕಾರುಗಳೂ ಮನೆ ಬಿಟ್ಟಿದ್ದವು. 1967ರ ಚಿತ್ರದ ಬಳಿಕ ಕಾನರಿ ಬಾಂಡ್ ಪಾತ್ರ ಬಿಟ್ಟಿದ್ದ. ಕಾರ್ಖಾನೆಯಲ್ಲಿ ಡಿಬಿ6 ಬಂದು, ಡಿಬಿಎಸ್ ಕೂಡ ಬಂದಿತ್ತು. 1969ರ ಚಿತ್ರದಲ್ಲಿ ಹೊಸ ನಟ, ಹೊಸ ಆಸ್ಟನ್. ಹಳೆಯ ಕಾರು ಯಾರಿಗೆ ಬೇಕು? ಸಿನಿಮಾದ ವಸ್ತು ಕೂಡಿಡುವ ಹವ್ಯಾಸಕ್ಕೆ ಆಗಿನ್ನೂ ಮಾರುಕಟ್ಟೆ ಇರಲಿಲ್ಲ. ಸಿನಿಮಾ ಮುಗಿದ ಮೇಲೆ ಸೆಟ್ಟು ಒಡೆಯುವುದು ಎಲ್ಲ ಕಡೆಯೂ ನಡೆಯುತ್ತಿದ್ದ ವ್ಯವಹಾರ. ಬಾಂಡ್ ಗಾಳಿ ಬೀಸುತ್ತಿದ್ದುದಂತೂ ನಿಜ. ಬಿಎಂಟಿ 216ಎ ಒಡವೆ ಕಳಚಿಕೊಂಡ ಅದೇ 1968ರಲ್ಲಿ ಇತ್ತ ಕನ್ನಡದಲ್ಲಿ ದೊರೈ-ಭಗವಾನ್ ಜೋಡಿ 'ಜೇಡರ ಬಲೆ' ತೆರೆಗೆ ತಂದು, ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿತ್ತು. ಲಂಡನ್ನಿನ ಬೊಂಬೆ ಬೆಂಗಳೂರಿನವರೆಗೆ ಜನರನ್ನು ಕುಣಿಸುತ್ತಿದ್ದಾಗ ಅದರ ಕಾರು ಮಾತ್ರ ಸೆಕೆಂಡ್ ಹ್ಯಾಂಡ್.

1969ರಲ್ಲಿ ಪ್ರಚಾರದ ಎರಡು ಕಾರುಗಳನ್ನೂ ಕೊಂಡವನು ಜೆಸಿಬಿ ಮನೆತನದ ಯುವಕ ಆಂಥನಿ ಬ್ಯಾಮ್‌ಫರ್ಡ್. ನಮ್ಮೂರ ರಸ್ತೆ ಅಗೆಯುವ ಹಳದಿ ಯಂತ್ರದ ಮನೆಯವನೇ. ಮುಂದೆ ಲಾರ್ಡ್ ಆದ. ಅವನು ಎರಡನ್ನೂ ಬಹಳ ಕಾಲ ಇಟ್ಟುಕೊಳ್ಳಲಿಲ್ಲ. ಒಂದು ಅಟ್ಲಾಂಟಿಕ್ ದಾಟಿ ಕೆನಡಾದ ಒಬ್ಬ ಹೋಟೆಲಿನವನ ಬಳಿ ಹೋಗಿ ಗಿರಾಕಿಗಳನ್ನು ಸೆಳೆಯುವ ವಸ್ತುವಾಯಿತು. ಬಳಿಕ ಯುರೋಪಿಗೆ ಮರಳಿ ನೆದರ್‌ಲ್ಯಾಂಡ್ಸಿನ ಮ್ಯೂಸಿಯಮ್ಮು ಸೇರಿತು. ಇನ್ನೊಂದು, ಅಂದರೆ 2008/ಆರ್, ಅಮೆರಿಕದ ಟೆನೆಸೀ ರಾಜ್ಯದ ಪಿಜನ್ ಫೋರ್ಜ್ ಎಂಬ ಪ್ರವಾಸಿ ಊರಿನ ಕಾರು ಮ್ಯೂಸಿಯಮ್ಮಿಗೆ ಹೋಗಿ ಮೂವತ್ತೈದು ವರ್ಷ ಕೂತಿತು. ಓಡಾಟವಿಲ್ಲ, ಆಗಾಗ ಎಂಜಿನ್ ಚಾಲೂ ಮಾಡುವುದಷ್ಟೇ.

ಓಟದ ಕಾರು 1486ರ ಕಥೆ ಹೆಚ್ಚು ಸ್ವಾರಸ್ಯದ್ದು. ಫಿಲಡೆಲ್ಫಿಯಾದ ರೇಡಿಯೊ ಕೇಂದ್ರವೊಂದರ ಒಡೆಯ ಜೆರ್ರಿ ಲೀ, ಬಾಂಡ್ ಕಾರು ಕೊಳ್ಳಲೇಬೇಕೆಂದು ಇಂಗ್ಲೆಂಡಿಗೆ ಹೋಗಿ ಕಂಪನಿಯವರ ಬೆನ್ನುಬಿದ್ದ. 1969ರಲ್ಲಿ 12,000 ಡಾಲರಿಗೆ ಅದು ಅವನದಾಯಿತು. ಕಾರ್ಖಾನೆಯವರು ಮೊದಲ ಕಾರಿಗೆ ಮಾಡಿದಂತೆ ಇದರ ಯಂತ್ರ ಕೀಳಲಿಲ್ಲ. ಕೊಳ್ಳುವವನಿಗೆ ಅವೇ ಬೇಕಾಗಿದ್ದವು. ಒಂದೇ ವರ್ಷದ ಅಂತರದಲ್ಲಿ ಒಂದೇ ಕಂಪನಿ ಒಂದು ಕಾರನ್ನು ಯಂತ್ರ ಕಿತ್ತು ಮಾರಿತು, ಇನ್ನೊಂದನ್ನು ಯಂತ್ರ ಸಹಿತ ಮಾರಿತು. ಈ ನಾಲ್ಕು ಕಾರುಗಳ ಹಣೆಬರಹ ಕವಲೊಡೆದದ್ದು ಇಲ್ಲೇ. ಜೆರ್ರಿ ಲೀ ಕಾರನ್ನು ಪೆನ್ಸಿಲ್ವೇನಿಯಾದ ಮನೆಯಲ್ಲೇ ನಾಲ್ಕು ದಶಕ ಇಟ್ಟುಕೊಂಡ. ಅದು ಹೊರಜಗತ್ತಿಗೆ ಕಂಡದ್ದು ಅಪರೂಪ.

ಇತ್ತ ಒಡವೆ ಕಳೆದುಕೊಂಡ ಮೂಲ ಕಾರಿನ ಪಾಡು. ಕೆಂಟಿನ ಗಿರಾಕಿ ಹುಷಾರಿ. ತಾನು ಕೊಂಡದ್ದೇನೆಂದು ಅವನಿಗೆ ಗೊತ್ತಿತ್ತು. ಕುಶಲಕರ್ಮಿಗಳನ್ನು ಹಿಡಿದು ಬಂದೂಕು, ತಡೆಗೋಡೆ ಮುಂತಾದವನ್ನು ಮತ್ತೆ ಮಾಡಿಸಿ ಕೂರಿಸಿದ. ಹೀಗೆ ಮೂಲದ ಮೈಮೇಲೆ ನಕಲು ಒಡವೆ ಬಂತು. 1971ರಲ್ಲಿ ಅದು ಅಮೆರಿಕದ ಯೂಟಾ ರಾಜ್ಯದ ಒಬ್ಬ ಚಿನ್ನಾಭರಣ ವ್ಯಾಪಾರಿಗೆ ಹೋಯಿತು. ಚಿನ್ನದ ಕಳ್ಳಸಾಗಣೆಗಾರನ ಚಿತ್ರದ ಕಾರು ಚಿನಿವಾರನ ಮನೆ ಸೇರಿದ್ದರಲ್ಲಿ ಒಂದು ನ್ಯಾಯ ಇದೆ. ಅವನ ಕೈಯಲ್ಲಿದ್ದಾಗಲೇ ಕಾರು ಮತ್ತೊಮ್ಮೆ ಬಣ್ಣ ಹಚ್ಚಿತು. 1981ರ 'ದಿ ಕ್ಯಾನನ್‌ಬಾಲ್ ರನ್' ಎಂಬ ಹಾಸ್ಯಚಿತ್ರದಲ್ಲಿ, ತನ್ನನ್ನು ತಾನು ರೋಜರ್ ಮೂರ್ ಎಂದು ಭ್ರಮಿಸಿಕೊಂಡವನೊಬ್ಬ ಬೆಳ್ಳಿಯ ಡಿಬಿ5 ಓಡಿಸುತ್ತಾನೆ. ಆ ಪಾತ್ರ ಮಾಡಿದ್ದು ಸ್ವತಃ ರೋಜರ್ ಮೂರ್. ಬಾಂಡ್ ಆಗಿ ಏಳು ಚಿತ್ರ ಮಾಡಿಯೂ ಒಮ್ಮೆಯೂ ಡಿಬಿ5 ಹತ್ತದ ಮೂರ್‌ಗೆ, ಬಾಂಡ್‌ನ ಅಣಕದಲ್ಲಿ ಅಸಲಿ ಕಾರೇ ಸಿಕ್ಕಿತು. ಅದರ ಮೇಲಿದ್ದ ನಂಬರು 6633 ಪಿಪಿ.

1986ರಲ್ಲಿ ನ್ಯೂಯಾರ್ಕಿನ ಸೋದೆಬೀಸ್ ಹರಾಜು. ಫ್ಲೋರಿಡಾದ ರಿಯಲ್ ಎಸ್ಟೇಟ್ ಉದ್ಯಮಿಯೊಬ್ಬ 2,75,000 ಡಾಲರಿಗೆ ಕೂಗಿ ಗೆದ್ದ. ಹಳೆಯ ಕಾರೊಂದಕ್ಕೆ ಅದು ಆ ಕಾಲಕ್ಕೆ ದಂಗುಬಡಿಸುವ ಬೆಲೆ. ಕಾರು ಸಾರಿಗೆಯ ವಸ್ತುವಾಗಿದ್ದು ಆಸ್ತಿಯಾದದ್ದು ಈ ಹರಾಜಿನಲ್ಲಿ. ಹೊಸ ಮಾಲೀಕ ಅದನ್ನು ಪ್ರದರ್ಶನಗಳಿಗೆ ಕಳಿಸಿದ, ವಿಮೆ ಇಳಿಸಿದ, ಬೋಕಾ ರೇಟನ್ ವಿಮಾನ ನಿಲ್ದಾಣದ ಒಂದು ಖಾಸಗಿ ಹ್ಯಾಂಗರಿನಲ್ಲಿಟ್ಟ.

1997ರ ಜೂನ್ ತಿಂಗಳ ಒಂದು ರಾತ್ರಿ ಆ ಹ್ಯಾಂಗರಿನ ಬೀಗ ಮುರಿದಿತ್ತು, ಅಲಾರಮ್ಮಿನ ತಂತಿ ಕಡಿದಿತ್ತು, ಕಾರು ಇರಲಿಲ್ಲ. ನೆಲದ ಮೇಲೆ ಟೈರು ಎಳೆದುಕೊಂಡು ಹೋದ ಗುರುತು ಮಾತ್ರ. ಎಂದರೆ ಕಳ್ಳರು ಅದನ್ನು ಚಾಲೂ ಮಾಡಿ ಓಡಿಸಲಿಲ್ಲ, ಎಳೆದೊಯ್ದರು. ವಿಮಾನ ನಿಲ್ದಾಣವಾದ್ದರಿಂದ ಸರಕು ವಿಮಾನಕ್ಕೇರಿಸಿ ಸಾಗಿಸಿರಬೇಕೆಂದು ಕೆಲವರು. ಸಿಕ್ಕಿಬೀಳುವ ಭಯದಿಂದ ಸಮುದ್ರಕ್ಕೆ ಎಸೆದರೆಂದು ಇನ್ನು ಕೆಲವರು. ಬಿಡಿ ಭಾಗಗಳಾಗಿ ಚೂರಾಯಿತೆಂದು ಮತ್ತೂ ಕೆಲವರು. ಯಾರ ಮೇಲೂ ಮೊಕದ್ದಮೆ ಹೂಡಲಾಗಲಿಲ್ಲ. ವಿಮಾ ಸಂಸ್ಥೆ 42 ಲಕ್ಷ ಡಾಲರ್ ತುಂಬಿಕೊಟ್ಟಿತು. ಹನ್ನೊಂದು ವರ್ಷದ ಹಿಂದಿನ ಹರಾಜಿನ ಬೆಲೆಗೆ ಹೋಲಿಸಿದರೆ ಅದು ಹದಿನೈದು ಪಟ್ಟು.

ಕಾರು ಇಲ್ಲವಾದ ಮೇಲೆ ಉಳಿದ ಮೂರರ ಬೆಲೆಗೆ ರೆಕ್ಕೆ ಬಂತು. 2006ರಲ್ಲಿ ಪಿಜನ್ ಫೋರ್ಜಿನ 2008/ಆರ್ ಹರಾಜಿಗೆ ಬಂದು 20,90,000 ಡಾಲರಿಗೆ ಹೋಯಿತು. ಕೊಂಡವರು ಅದನ್ನು ಸ್ವಿಟ್ಜರ್‌ಲೆಂಡಿನ ಬರ್ನ್ ಬಳಿಯ ರೂಸ್ ಎಂಜಿನಿಯರಿಂಗ್ ಎಂಬ ಆಸ್ಟನ್ ತಜ್ಞರ ಕಮ್ಮಟಕ್ಕೆ ಕಳಿಸಿದರು. ಚಾಸಿಯಿಂದ ಹಿಡಿದು ಬಣ್ಣದವರೆಗೆ ವರ್ಷಗಟ್ಟಲೆ ಕೆಲಸ. ಹಳೆಯ ಕಾರನ್ನು ಜೀರ್ಣೋದ್ಧಾರ ಮಾಡುವುದರಲ್ಲಿ ಸೂಪರ್‌ಲೆಗೇರಾ ಮೈ ಬಹಳ ಕಾಡುತ್ತದೆ: ಉಕ್ಕಿನ ಕೊಳವೆಗೆ ಅಲ್ಯೂಮಿನಿಯಂ ತಗಡು ತಾಗುವ ಕಡೆಯಲ್ಲೆಲ್ಲ ಎರಡು ಲೋಹ ಒಂದನ್ನೊಂದು ತಿನ್ನುತ್ತವೆ. ಹೊರಗೆ ಹೊಳೆಯುವ ಕಾರಿನ ಒಳಗೂಡು ಪುಡಿಯಾಗಿರಬಹುದು. ಆದ್ದರಿಂದ ತಗಡನ್ನು ಬಿಚ್ಚಿ, ಕೊಳವೆ ಬದಲಿಸಿ, ತಗಡನ್ನು ಮತ್ತೆ ಅದೇ ಬಾಗಿಗೆ ಬಡಿದು ಕೂರಿಸಬೇಕು. ಇದಕ್ಕೆ ಸೇರಿಕೊಂಡಿತು ಯಂತ್ರಗಳ ಕೆಲಸ. ಈ ಕಾರಿನಲ್ಲಿ ಸ್ಟಿಯರ್ಸ್‌ನ ಕಾಲದ ಹದಿಮೂರು ಸಲಕರಣೆಗಳಿದ್ದವು. ಹೊಗೆಯಿಂದ ಹಿಡಿದು ಸುತ್ತುವ ಪ್ಲೇಟಿನವರೆಗೆ ಎಲ್ಲವನ್ನೂ ಮತ್ತೆ ಕೆಲಸ ಮಾಡುವಂತೆ ಸರಿಪಡಿಸಿದರು.

2010ರ ಅಕ್ಟೋಬರಿನಲ್ಲಿ ಜೆರ್ರಿ ಲೀ ತನ್ನ ಕಾರನ್ನು ಲಂಡನ್ನಿನ ಹರಾಜಿಗೆ ತಂದ. ಕೂಗು 26 ಲಕ್ಷ ಪೌಂಡಿಗೆ ನಿಂತಿತು, ಅಂದರೆ 40 ಲಕ್ಷ ಡಾಲರಿಗೂ ಹೆಚ್ಚು. ಒಹಾಯೋದ ಉದ್ಯಮಿಯೊಬ್ಬ ಕೊಂಡುಕೊಂಡ. ಹಣ ಹೋದದ್ದು ಜೆರ್ರಿ ಲೀ ಪ್ರತಿಷ್ಠಾನಕ್ಕೆ. ಅದು ಅಪರಾಧಗಳು ಏಕೆ ನಡೆಯುತ್ತವೆ, ತಡೆಯುವುದು ಹೇಗೆ ಎಂಬ ಸಂಶೋಧನೆಗೆ ನೆರವಾಗುವ ಸಂಸ್ಥೆ. ಅಪರಾಧ ವಿಜ್ಞಾನದ ದೊಡ್ಡ ಗೌರವವಾದ ಸ್ಟಾಕ್‌ಹೋಮ್ ಪ್ರಶಸ್ತಿಯ ಹಿಂದೆಯೂ ಈತನ ಹಣವಿದೆ. ಒಂದು ಕಾರು ಕಳ್ಳರ ಪಾಲು, ಅದರ ಜೊತೆಗಾರ ಕಳ್ಳತನದ ಅಧ್ಯಯನಕ್ಕೆ ಬಂಡವಾಳ. ಕಥೆಗಾರ ಹೀಗೆ ಕಟ್ಟಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

2019ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ 2008/ಆರ್ ಮತ್ತೆ ಸುತ್ತಿಗೆಯ ಕೆಳಗೆ ಬಂತು. 63,85,000 ಡಾಲರ್. ಅಲ್ಲಿಯವರೆಗೆ ಯಾವ ಡಿಬಿ5ಕ್ಕೂ ಅಷ್ಟು ಬೆಲೆ ಬಂದಿರಲಿಲ್ಲ. ಬಾಂಡ್ ಓಡಿಸದ, ಕ್ಯಾಮೆರಾ ಕಾಣದ, ಪ್ರಚಾರಕ್ಕೆಂದೇ ಹುಟ್ಟಿದ ಕಾರು ಪರದೆಯ ಮೇಲೆ ಓಡಿದ ಕಾರನ್ನು ಬೆಲೆಯಲ್ಲಿ ಹಿಂದೆ ಹಾಕಿತು. ಒಂಬತ್ತು ವರ್ಷಗಳಲ್ಲಿ ಮಾರುಕಟ್ಟೆಯೂ ಏರಿತ್ತು, ನಿಜ. ಆದರೂ ಹರಾಜಿನವರು ಮುಂದಿಟ್ಟದ್ದು ಸಿನಿಮಾದ ನಂಟನ್ನಷ್ಟೇ ಅಲ್ಲ. ಎಲ್ಲ ಗುಂಡಿಗಳೂ ಕೆಲಸ ಮಾಡುತ್ತವೆ ಎಂಬುದನ್ನೂ. ದೊಡ್ಡ ಕಾರ್ಗಿ ಆಟಿಕೆ, ಎನ್ನಬಹುದು.

ಈ ವಿಷಯದಲ್ಲಿ ಕಾರಿನ ಇತಿಹಾಸಕಾರರು ಎರಡು ಬಣ. ಮೂಲವೆಂದರೆ ಚಾಸಿ ಸಂಖ್ಯೆ, ಅದರ ಅಖಂಡ ದಾಖಲೆ. ಮೇಲಿನ ತಗಡು ಎಷ್ಟು ಸಲ ಬದಲಾದರೂ ಡಿಪಿ/216/1 ಒಂದೇ ಅಸಲಿ ಬಾಂಡ್ ಕಾರು ಎನ್ನುವವರು ಒಂದು ಕಡೆ. ಬಾಂಡ್ ಕಾರನ್ನು ಬಾಂಡ್ ಕಾರಾಗಿಸಿದ್ದೇ ಸ್ಟಿಯರ್ಸ್‌ನ ಯಂತ್ರಗಳು, 1968ರಲ್ಲಿ ಅವನ್ನು ಕಿತ್ತಾಗಲೇ ಆ ಕಾರು ಸತ್ತಿತು, ಪರದೆಯ ಮೇಲೆ ಕಂಡು ಯಂತ್ರವನ್ನೂ ಉಳಿಸಿಕೊಂಡ 1486 ಮಾತ್ರ ವಾರಸುದಾರ ಎನ್ನುವವರು ಇನ್ನೊಂದು ಕಡೆ. ನನಗೆ ಎರಡನೆಯ ವಾದ ಹೆಚ್ಚು ಸರಿಯೆನಿಸಿದರೂ, ಅದರಲ್ಲೊಂದು ತೊಡಕಿದೆ: 1486ರ ಯಂತ್ರಗಳೂ ಚಿತ್ರೀಕರಣದ ಆಮೇಲೆ ಪ್ರದರ್ಶನಕ್ಕೆಂದು ಬಂದವೇ.

ಹಾಗೆ ನೋಡಿದರೆ ಸಿನಿಮಾದವರಿಗೆ ಈ ಚಿಂತೆಯೇ ಇಲ್ಲ. 2012ರ 'ಸ್ಕೈಫಾಲ್'ನಲ್ಲಿ ಡಿಬಿ5 ಸಿಡಿದು ಚೂರಾದಾಗ ಎದೆ ಒಡೆದುಕೊಂಡವರಿಗೆ ಸಮಾಧಾನದ ಸುದ್ದಿ ಬೇಗನೆ ಬಂತು: ಸಿಡಿದದ್ದು ಮೂರನೇ ಒಂದು ಅಳತೆಯ, ಕಂಪ್ಯೂಟರಿನಿಂದ ಮುದ್ರಿಸಿದ ಮಾದರಿ. ಇನ್ನು ಕಂಪನಿಯಾದರೋ, ಒಮ್ಮೆ ಕಿತ್ತೆಸೆದದ್ದನ್ನು ಮತ್ತೆ ಮಾಡಿ ಮಾರಲು ಹೊರಟಿತು. 2018ರಲ್ಲಿ ಘೋಷಿಸಿ, 2020ರಿಂದ ಅದೇ ನ್ಯೂಪೋರ್ಟ್ ಪ್ಯಾಗ್ನೆಲ್‌ನಲ್ಲಿ ಇಪ್ಪತ್ತೈದು ಹೊಸ 'ಗೋಲ್ಡ್‌ಫಿಂಗರ್ ಡಿಬಿ5' ಕಾರುಗಳನ್ನು ಗಿರಾಕಿಗಳಿಗೆಂದು ಕಟ್ಟಿತು. ಬಾಂಡ್ ಚಿತ್ರಗಳ ಟ್ರಿಕ್ ತಜ್ಞ ಕ್ರಿಸ್ ಕಾರ್ಬೋಲ್ಡ್ ಯಂತ್ರ ಮಾಡಿಕೊಟ್ಟ. ಹೊಗೆ ಬರುತ್ತದೆ, ಪ್ಲೇಟು ಸುತ್ತುತ್ತದೆ, ತಡೆಗೋಡೆ ಏಳುತ್ತದೆ. ಆಗ ಬೆಲೆ ತೆರಿಗೆ ಬಿಟ್ಟು 27.5 ಲಕ್ಷ ಪೌಂಡು ಇತ್ತು. ರಸ್ತೆಗೆ ಇಳಿಸಲು ಅನುಮತಿ ಇಲ್ಲ. ಲಂಡನ್ನಿನಿಂದ ಕಡಲತೀರದವರೆಗೆ ಓಡಲೆಂದೇ ಹುಟ್ಟಿದ ಕಾರು, ಅಂಗಳ ದಾಟದ ಕಾರಾಗಿ ಮರುಹುಟ್ಟು ಪಡೆಯಿತು.

ಕಳೆದುಹೋದ ಕಾರಿನ ಹುಡುಕಾಟ ನಿಂತಿಲ್ಲ. ಕಳವಾದ ಕಲಾಕೃತಿಗಳನ್ನು ಪತ್ತೆಹಚ್ಚುವ ವಕೀಲ ಕ್ರಿಸ್ಟೋಫರ್ ಮರಿನೆಲ್ಲೊ ಅದರ ಬೆನ್ನುಹತ್ತಿದ್ದಾನೆ. ಕಾರು ಮಧ್ಯಪ್ರಾಚ್ಯದ ಖಾಸಗಿ ಸಂಗ್ರಹವೊಂದರಲ್ಲಿ ಇದೆ, ಚಾಸಿ ಸಂಖ್ಯೆಯನ್ನು ಕಣ್ಣಾರೆ ನೋಡಿದ ಸಾಕ್ಷಿ ಇದ್ದಾನೆ ಎಂಬ ಮಾತು 2021ರಲ್ಲಿ ಪತ್ರಿಕೆಗಳಲ್ಲಿ ಬಂತು. ಬ್ರಿಟಿಷ್ ನಟಿ ಎಲಿಜಬೆತ್ ಹರ್ಲಿ ನಡೆಸಿಕೊಟ್ಟ ಪಾಡ್‌ಕಾಸ್ಟ್ ಸರಣಿಯೊಂದು ಈ ಕಳ್ಳತನದ ಮೇಲೆಯೇ ಬಂತು. ಈಗ ಅದನ್ನು ಇಟ್ಟುಕೊಂಡಿರುವವರಿಗೆ ಕೊಳ್ಳುವಾಗ ಅದು ಕಳವು ಮಾಲೆಂದು ಗೊತ್ತಿರಲೂಬಹುದು, ಇಲ್ಲದಿರಲೂಬಹುದು ಎಂಬುದು ಮರಿನೆಲ್ಲೊನ ನಿಲುವು. ಗೊತ್ತಾದ ಮೇಲಾದರೂ ಮುಂದೆ ಬರಲಿ ಎಂಬುದು ಅವನ ಒತ್ತಾಯ. ನಂಬಿ ಕೊಂಡವನಿಗೆ ಎಷ್ಟು ಹಕ್ಕು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಕಾನೂನಿನಲ್ಲಾದರೆ ಕಳ್ಳ ತನ್ನದಲ್ಲದ ಹಕ್ಕನ್ನು ಇನ್ನೊಬ್ಬರಿಗೆ ಮಾರಲಾರ. ಪರಿಹಾರ ಪಡೆದ ಫ್ಲೋರಿಡಾದ ಉದ್ಯಮಿಯದ್ದೂ ಅಲ್ಲ ಈಗ ಆ ಕಾರು. ಬ್ಯಾಟರಿ ಇಳಿದು, ಟೈರು ಒಣಗಿ ಎಲ್ಲಿ ನಿಂತಿದ್ದರೂ ಸರಿ, ಕಾಗದದ ಮೇಲೆ ಅದರ ಹಕ್ಕು ಇರುವುದು 42 ಲಕ್ಷ ಡಾಲರ್ ಕಟ್ಟಿಕೊಟ್ಟ ವಿಮಾ ಸಂಸ್ಥೆಗೆ. ಆಸ್ಟನ್ ಮಾರ್ಟಿನ್, ಕೆಂಟಿನ ಗಿರಾಕಿ, ಯೂಟಾದ ಚಿನಿವಾರ, ಫ್ಲೋರಿಡಾದ ಉದ್ಯಮಿ: ಹಿಂದಿನ ಮಾಲೀಕರ ಆ ಸಾಲಿನಲ್ಲಿ, ಒಮ್ಮೆಯೂ ಅದರ ಸ್ಟಿಯರಿಂಗ್ ಹಿಡಿಯದ ಮೊದಲ ಮಾಲೀಕ ಅದು.